ವಿದೇಶಿ ಕಾರ್ಡ್, ರಾಮನಗರದ ಎಟಿಎಂ: ದುಡ್ಡು ತೆಗೆಯುವ ಮುನ್ನ ತಿಳಿದಿರಲಿ

ಚನ್ನಪಟ್ಟಣದ ಗೊಂಬೆ ಅಂಗಡಿಗಳಲ್ಲಿ ಈಗ ಗಲ್ಲಾಪೆಟ್ಟಿಗೆಗಿಂತ ಮೊದಲು ಕಣ್ಣಿಗೆ ಬೀಳುವುದು ಕ್ಯೂಆರ್ ಕೋಡ್‌ನ ಫಲಕ. ಹಾಲೆಮರದ ಗಿಲಕಿಯನ್ನೋ ಅರಗಿನ ಬಣ್ಣ ಬಳಿದ ಕುದುರೆಯನ್ನೋ ಆರಿಸಿಕೊಂಡ ಗಿರಾಕಿ ಮೊಬೈಲ್ ಎತ್ತಿ ಹಿಡಿಯುತ್ತಾರೆ, ದುಡ್ಡು ಬಂತೆಂದು ಡಬ್ಬಿ ಕೂಗುತ್ತದೆ, ವ್ಯಾಪಾರ ಮುಗಿಯುತ್ತದೆ. ಆದರೆ ನ್ಯೂಜೆರ್ಸಿಯಿಂದಲೋ ಮೆಲ್ಬರ್ನ್‌ನಿಂದಲೋ ರಜೆಗೆ ಬಂದ ಕುಟುಂಬದ ಕೈಯಲ್ಲಿರುವುದು ಅಲ್ಲಿನ ಬ್ಯಾಂಕು ಕೊಟ್ಟ ಕಾರ್ಡ್. ಸಣ್ಣ ಅಂಗಡಿಯಲ್ಲಿ ಕಾರ್ಡ್ ಉಜ್ಜುವ ಯಂತ್ರ ಇರುವುದು ಅಪರೂಪ. ಯುಪಿಐ ಬಂದ ಮೇಲೆ ಅದನ್ನು ಇಟ್ಟುಕೊಳ್ಳುವ ಅಗತ್ಯವೂ ಅನೇಕ ವ್ಯಾಪಾರಿಗಳಿಗೆ ಉಳಿದಿಲ್ಲ. ಹೀಗಾಗಿ ಊರಿನವರು ನೋಟು ಮುಟ್ಟುವುದನ್ನು ಕಡಿಮೆ ಮಾಡಿದ ಕಾಲದಲ್ಲೇ, ಹೊರದೇಶದಿಂದ ಬಂದವರಿಗೆ ನೋಟು ಹೆಚ್ಚು ಬೇಕಾಗಿದೆ.

ಈ ಭಾಗಕ್ಕೆ ಹೊರದೇಶದವರು ಬರಲು ಕಾರಣಗಳು ಹಲವು. 1975ರ ‘ಶೋಲೆ’ಯ ಬಂಡೆಗಳನ್ನು ನೋಡಲು ರಾಮದೇವರ ಬೆಟ್ಟಕ್ಕೆ ಬರುವವರಿದ್ದಾರೆ. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೆ ಆರಿಸಿಕೊಂಡ ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ ಬಂಡೆ ಹತ್ತುವವರು ಬರುತ್ತಾರೆ. ಕನಕಪುರ ರಸ್ತೆಯ ಧ್ಯಾನ ಕೇಂದ್ರಗಳಿಗೆ ಬರುವವರು, ಬಿಡದಿಯ ಟೊಯೊಟಾ ಕಾರ್ಖಾನೆಗೆ ಕೆಲಸದ ಮೇಲೆ ಬರುವ ಜಪಾನಿಯರು, ಹಬ್ಬಕ್ಕೋ ಮದುವೆಗೋ ಜಾತ್ರೆಗೋ ಹುಟ್ಟೂರಿಗೆ ಮರಳುವ ಅನಿವಾಸಿ ಮಕ್ಕಳು ಬೇರೆ. ಇವರೆಲ್ಲರೂ ಎಟಿಎಂ ಮುಂದೆ ನಿಂತಾಗ ಹತ್ತು ಸಾವಿರ ರೂಪಾಯಿಗೆ ಎಷ್ಟು ಬೆಲೆ ತೆರುತ್ತಾರೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಅವರದೇ ಮೂರು ಆಯ್ಕೆ: ಯಾವ ಕಾರ್ಡ್, ಎಷ್ಟು ಸಲ, ಪರದೆಯ ಮೇಲೆ ಯಾವ ಕರೆನ್ಸಿ.

ಹೊರಡುವ ಮುನ್ನ ಮನೆಯಲ್ಲೇ ಮುಗಿಸಬೇಕಾದ ಕೆಲಸ

ಮೊದಲು ಕಾರ್ಡಿನ ಹಿಂದೆ ಮುಂದೆ ಇರುವ ಚಿಹ್ನೆ ನೋಡಿಕೊಳ್ಳಿ. ವೀಸಾ ಅಥವಾ ಅದರ ಪ್ಲಸ್, ಮಾಸ್ಟರ್‌ಕಾರ್ಡ್ ಅಥವಾ ಅದರ ಸಿರಸ್ ಗುರುತಿದ್ದರೆ ಜಿಲ್ಲೆಯ ದೊಡ್ಡ ಬ್ಯಾಂಕುಗಳ ಎಟಿಎಂಗಳಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಅಮೆರಿಕದ ಡಿಸ್ಕವರ್, ಜಪಾನಿನ ಜೆಸಿಬಿ ಕಂಪನಿಗಳು ನಮ್ಮ ರುಪೇ ನಡೆಸುವ ಎನ್‌ಪಿಸಿಐ ಜೊತೆ ಒಪ್ಪಂದ ಮಾಡಿಕೊಂಡಿವೆ. ಆದರೂ ಇವುಗಳನ್ನೇ ನೆಚ್ಚಿಕೊಂಡು ಸಣ್ಣ ಊರಿಗೆ ಬರುವುದು ಸರಿಯಲ್ಲ. ಅಮೆರಿಕನ್ ಎಕ್ಸ್‌ಪ್ರೆಸ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಬೇರೆ ಬೇರೆ ಜಾಲದ, ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ತಂದು, ಎರಡನ್ನೂ ಒಂದೇ ಪರ್ಸಿನಲ್ಲಿ ಇಡದಿರುವುದು ಕ್ಷೇಮ.

ಎರಡನೆಯದು ಡೆಬಿಟ್ ಕಾರ್ಡಿಗೂ ಕ್ರೆಡಿಟ್ ಕಾರ್ಡಿಗೂ ಇರುವ ವ್ಯತ್ಯಾಸ. ಡೆಬಿಟ್ ಕಾರ್ಡಿನಲ್ಲಿ ತೆಗೆಯುವುದು ಖಾತೆಯಲ್ಲಿರುವ ನಿಮ್ಮ ದುಡ್ಡು. ಕ್ರೆಡಿಟ್ ಕಾರ್ಡಿನಲ್ಲಿ ತೆಗೆದರೆ ಅದು ಸಾಲ. ಅಂಗಡಿಯ ಖರೀದಿಗೆ ಸಿಗುವ ಬಡ್ಡಿರಹಿತ ಅವಧಿ ನಗದಿಗೆ ಸಿಗುವುದಿಲ್ಲ. ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ, ಅದರ ಮೇಲೆ ನಗದು ಮುಂಗಡದ ಶುಲ್ಕವೂ ಬೀಳುತ್ತದೆ. ಕ್ರೆಡಿಟ್ ಕಾರ್ಡನ್ನು ಹೋಟೆಲ್, ಆಸ್ಪತ್ರೆಯಂಥ ಕಡೆಗೆ ಮೀಸಲಿಟ್ಟು, ನಗದಿಗೆ ಡೆಬಿಟ್ ಕಾರ್ಡನ್ನೇ ಬಳಸಿ.

ಮೂರನೆಯದು ಪಿನ್. ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಬಾರ್ಕ್ಲೇಸ್ ಬ್ಯಾಂಕು ಮೊದಲ ನಗದು ಯಂತ್ರ ತೆರೆದದ್ದು 1967ರ ಜೂನ್ 27ರಂದು. ಅದನ್ನು ರೂಪಿಸಿದ ಜಾನ್ ಶೆಫರ್ಡ್ ಬ್ಯಾರನ್ ಹುಟ್ಟಿದ್ದು ನಮ್ಮ ಶಿಲ್ಲಾಂಗ್‌ನಲ್ಲಿ. ಆರು ಅಂಕಿಯ ಗುಟ್ಟಿನ ಸಂಖ್ಯೆ ಇರಲೆಂದು ಅವರು ಯೋಚಿಸಿದ್ದರಂತೆ. ತನಗೆ ನಾಲ್ಕೇ ಅಂಕಿ ನೆನಪಿರುವುದು ಎಂದು ಹೆಂಡತಿ ಹೇಳಿದ್ದರಿಂದ ನಾಲ್ಕಕ್ಕೆ ಇಳಿಸಿದರಂತೆ. ಭಾರತದ ಯಂತ್ರಗಳಲ್ಲೂ ನಾಲ್ಕಂಕಿಯ ಪಿನ್ನೇ ರೂಢಿ. ನಿಮ್ಮ ಪಿನ್ ಅದಕ್ಕಿಂತ ಉದ್ದವಾಗಿದ್ದರೆ, ಇಲ್ಲಿ ನಡೆಯುತ್ತದೆಯೇ ಎಂದು ನಿಮ್ಮ ಬ್ಯಾಂಕನ್ನು ಕೇಳಿ ಬನ್ನಿ. ಪಿನ್ನನ್ನು ಅಕ್ಷರಗಳಾಗಿ ನೆನಪಿಟ್ಟುಕೊಂಡವರು ಅಂಕಿಗಳಾಗಿ ಬಾಯಿಪಾಠ ಮಾಡಿಕೊಳ್ಳಬೇಕು. ಇಲ್ಲಿನ ಕೀಲಿಗಳ ಮೇಲೆ ಅಕ್ಷರ ಇರುತ್ತದೆಂಬ ಭರವಸೆಯಿಲ್ಲ.

ಪ್ರಯಾಣದ ದಿನಾಂಕವನ್ನು ಬ್ಯಾಂಕಿನ ಆ್ಯಪ್‌ನಲ್ಲಿ ಮುಂಚೆಯೇ ತಿಳಿಸಿ. ನಿನ್ನೆಯವರೆಗೆ ಟೆಕ್ಸಸ್‌ನಲ್ಲಿ ಓಡಾಡುತ್ತಿದ್ದ ಕಾರ್ಡ್ ಇದ್ದಕ್ಕಿದ್ದಂತೆ ಮಾಗಡಿಯಲ್ಲಿ ಕಾಣಿಸಿಕೊಂಡರೆ, ವಂಚನೆ ಪತ್ತೆಹಚ್ಚುವ ವ್ಯವಸ್ಥೆ ಅದನ್ನು ತಡೆಹಿಡಿಯಬಹುದು. ಆಗ ಬ್ಯಾಂಕು ಕಳಿಸುವ ಸಂದೇಶ ಬರುವುದು ಅಲ್ಲಿನ ಮೊಬೈಲ್ ಸಂಖ್ಯೆಗೆ. ಊರಿಗೆ ಬಂದೊಡನೆ ಆ ಸಿಮ್ ತೆಗೆದಿಟ್ಟು ಸ್ಥಳೀಯ ಸಿಮ್ ಹಾಕುವವರು ಅನೇಕರು. ಹಳೆಯ ಸಂಖ್ಯೆಗೆ ರೋಮಿಂಗ್‌ನಲ್ಲಿ ಸಂದೇಶ ಬರುವಂತೆ ಇಟ್ಟುಕೊಂಡರೆ ಈ ತಾಪತ್ರಯ ತಪ್ಪುತ್ತದೆ.

ಎಲ್ಲಿ ತೆಗೆಯಬೇಕು

ಬೆಂಗಳೂರು–ಮೈಸೂರು ಹೆದ್ದಾರಿಯನ್ನು 2023ರ ಮಾರ್ಚ್ 12ರಂದು ಉದ್ಘಾಟಿಸಿದ ಮೇಲೆ ಪ್ರಯಾಣಿಕರ ಲೆಕ್ಕಾಚಾರ ಬದಲಾಗಿದೆ. ಹೊಸ ರಸ್ತೆ ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬದಿಗಿಟ್ಟು ಹೊರಗಿನಿಂದ ಹಾದುಹೋಗುತ್ತದೆ. ಮೊದಲು ಊರ ನಡುವಿನ ಬ್ಯಾಂಕುಗಳ ಎದುರೇ ಬಸ್ಸು ಕಾರು ಸಾಗುತ್ತಿದ್ದವು. ಈಗ ಬೈಪಾಸ್ ಹಿಡಿದವರಿಗೆ ಅವು ಕಾಣುವುದೇ ಇಲ್ಲ. ಜಾನಪದ ಲೋಕ, ಗೊಂಬೆ ಅಂಗಡಿಗಳು ಇರುವುದು ಹಳೆಯ ರಸ್ತೆಯಲ್ಲಿ. ಅವುಗಳನ್ನು ನೋಡಬೇಕೆಂದವರು ಹೇಗೂ ಹೆದ್ದಾರಿ ಬಿಟ್ಟು ಇಳಿಯಬೇಕು. ರಾಮನಗರ ಅಥವಾ ಚನ್ನಪಟ್ಟಣ ಪೇಟೆಯ ಶಾಖೆಯಲ್ಲಿ ಆಗಲೇ ನಗದು ತೆಗೆದುಕೊಳ್ಳುವುದು ಅನುಕೂಲ.

ಕನಕಪುರದ ಕಡೆಗೆ ಹೋಗುವವರು ಇನ್ನೂ ಮುಂದಾಲೋಚನೆ ಮಾಡಬೇಕು. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ, ಅಲ್ಲಿಂದಾಚೆ ಮೇಕೆದಾಟು ಕಾಡಿನ ಅಂಚಿನ ಜಾಗಗಳು. ಮೊಬೈಲ್ ಸಿಗ್ನಲ್ ಕೈಕೊಟ್ಟರೆ ಯುಪಿಐ ಕೂಡ ನಡೆಯದು. ಕನಕಪುರ ಪಟ್ಟಣ ದಾಟುವ ಮುನ್ನ ದಿನದ ಖರ್ಚಿಗೆ ಬೇಕಾದಷ್ಟು ಕೈಯಲ್ಲಿರಲಿ. ಸಾವನದುರ್ಗಕ್ಕೆ ಹೋಗುವವರು ಮಾಗಡಿ ಪಟ್ಟಣದಲ್ಲೋ ಬೆಂಗಳೂರಿನಲ್ಲೋ ಈ ಕೆಲಸ ಮುಗಿಸಿಕೊಳ್ಳಬೇಕು.

ನಕ್ಷೆಯಲ್ಲಿ ಎಟಿಎಂ ಹುಡುಕುವಾಗ ಇನ್ನೊಂದು ವಿಷಯ ಗೊತ್ತಿರಲಿ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ರಾಜ್ಯ ಸರ್ಕಾರ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರು ಬದಲಿಸಿತು. ವಿಳಾಸದಲ್ಲಿ ಹಳೆಯ ಹೆಸರೂ ಇರಬಹುದು, ಹೊಸದೂ ಇರಬಹುದು. ಜಿಲ್ಲೆಯ ಹೆಸರಿನ ಬದಲು ಊರಿನ ಹೆಸರು ಹಾಕಿ ಹುಡುಕಿ.

ಸಾಧ್ಯವಾದಷ್ಟು ಬ್ಯಾಂಕಿನ ಶಾಖೆಗೆ ಅಂಟಿಕೊಂಡ ಎಟಿಎಂ ಆರಿಸಿ, ಅದೂ ಶಾಖೆ ತೆರೆದಿರುವ ಹೊತ್ತಿನಲ್ಲಿ. ಕಾರ್ಡ್ ಒಳಗೇ ಸಿಕ್ಕಿಕೊಂಡರೆ ಹೋಗಿ ಮಾತಾಡಲು ಒಬ್ಬರಿರುತ್ತಾರೆ. ಪೆಟ್ರೋಲ್ ಬಂಕ್, ಬಸ್ ನಿಲ್ದಾಣದ ಬಳಿ ಖಾಸಗಿ ಕಂಪನಿಗಳು ನಡೆಸುವ ವೈಟ್ ಲೇಬಲ್ ಎಟಿಎಂಗಳು ಊರವರಿಗೆ ಒಳ್ಳೆಯ ಅನುಕೂಲವೇ. ಆದರೆ ಅಲ್ಲಿ ಕಾರ್ಡ್ ಸಿಕ್ಕಿಕೊಂಡರೆ ಪಕ್ಕದಲ್ಲಿ ಕೇಳುವವರಿಲ್ಲ. ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬ್ಯಾಂಕುಗಳಿಗೆ ರಜೆ. ಆ ವಾರಾಂತ್ಯ, ಅದರ ಜೊತೆಗೆ ಹಬ್ಬವೂ ಸೇರಿಕೊಂಡರೆ, ಎಟಿಎಂಗಳಲ್ಲಿ ದುಡ್ಡು ಖಾಲಿಯಾಗುವುದುಂಟು. ಶುಕ್ರವಾರವೇ ತೆಗೆದಿಟ್ಟುಕೊಳ್ಳುವುದು ವಾಸಿ.

ಯಂತ್ರದ ಮುಂದೆ ನಿಂತಾಗ

ಕಾರ್ಡ್ ಹಾಕಿದ ಮೇಲೆ, ವ್ಯವಹಾರ ಮುಗಿಯುವವರೆಗೆ ಅದನ್ನು ಎಳೆಯಬೇಡಿ. ಚಿಪ್ ಓದುವ ಯಂತ್ರಗಳು ಕಾರ್ಡನ್ನು ಕೊನೆಯವರೆಗೂ ಹಿಡಿದಿರುತ್ತವೆ. ಸೇವಿಂಗ್ಸ್, ಕರೆಂಟ್ ಎಂದು ಖಾತೆಯ ಬಗೆ ಕೇಳಿದಾಗ, ಅಮೆರಿಕದ ಚೆಕಿಂಗ್ ಖಾತೆ ಇರುವವರು ಗಲಿಬಿಲಿಗೊಳ್ಳುತ್ತಾರೆ. ಒಂದು ಆಯ್ಕೆ ನಡೆಯದಿದ್ದರೆ ಇನ್ನೊಂದನ್ನು ಒತ್ತಿ ನೋಡಬಹುದು. ಪಿನ್ ವಿಷಯದಲ್ಲಿ ಮಾತ್ರ ಹಾಗೆ ಪ್ರಯತ್ನಿಸುತ್ತಾ ಹೋಗಬೇಡಿ. ಸಾಮಾನ್ಯವಾಗಿ ಮೂರು ಸಲ ತಪ್ಪಾದರೆ ಕಾರ್ಡ್ ಸ್ಥಗಿತವಾಗುತ್ತದೆ.

ಅನೇಕ ಯಂತ್ರಗಳು ವಿದೇಶಿ ಕಾರ್ಡಿಗೆ ಒಂದು ಸಲಕ್ಕೆ 10,000 ರೂಪಾಯಿಯಷ್ಟೇ ಕೊಡುತ್ತವೆ. ಕೆಲವು ಹೆಚ್ಚು ಕೊಡುತ್ತವೆ. ಮೊತ್ತ ಒತ್ತಿದ ಮೇಲೆ, ಈ ಎಟಿಎಂ ಇಷ್ಟು ಶುಲ್ಕ ವಿಧಿಸುತ್ತದೆ, ಒಪ್ಪಿಗೆಯೇ ಎಂಬ ಪ್ರಶ್ನೆ ಬರಬಹುದು. ಭಾರತದ ಕಾರ್ಡುಗಳಿಗೆ ಉಚಿತ ಸಂಖ್ಯೆ ಮುಗಿದ ಮೇಲೆ ಒಂದು ಸಲಕ್ಕೆ ಗರಿಷ್ಠ 23 ರೂಪಾಯಿ ಎಂದು ರಿಸರ್ವ್ ಬ್ಯಾಂಕ್ 2025ರ ಮೇ 1ರಿಂದ ಮಿತಿ ಹಾಕಿದೆ. ಆ ಮಿತಿ ವಿದೇಶಿ ಕಾರ್ಡುಗಳಿಗೆ ಅನ್ವಯಿಸುವುದಿಲ್ಲ. ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಹೆಚ್ಚೆನಿಸಿದರೆ ರದ್ದು ಒತ್ತಿ, ಅದೇ ಬೀದಿಯ ಇನ್ನೊಂದು ಬ್ಯಾಂಕಿಗೆ ಹೋಗಿ ನೋಡಿ. ರದ್ದು ಮಾಡಿದ್ದಕ್ಕೆ ಈ ಶುಲ್ಕ ಬೀಳದು.

ಒಂದು ಲೆಕ್ಕ ನೋಡೋಣ. ಡಾಲರ್‌ಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. ಎಟಿಎಂ ಶುಲ್ಕ 250 ರೂಪಾಯಿ, ಅಮೆರಿಕದ ನಿಮ್ಮ ಬ್ಯಾಂಕು ಪ್ರತಿ ಸಲಕ್ಕೆ ಹಾಕುವ ಶುಲ್ಕ 5 ಡಾಲರ್ ಅಂದರೆ 425 ರೂಪಾಯಿ, ವಿದೇಶಿ ವ್ಯವಹಾರದ ಶುಲ್ಕ ಶೇಕಡ 3 ಎಂದಿರಲಿ. ಒಂದೇ ಸಲ 10,000 ತೆಗೆದರೆ ಒಟ್ಟು ಖರ್ಚು 975 ರೂಪಾಯಿ. ಅದೇ 10,000ವನ್ನು ಎರಡೆರಡು ಸಾವಿರದಂತೆ ಐದು ಸಲ ತೆಗೆದರೆ ಎಟಿಎಂ ಶುಲ್ಕ 1,250, ಬ್ಯಾಂಕಿನ ಶುಲ್ಕ 2,125, ಶೇಕಡಾವಾರು ಶುಲ್ಕ 300. ಎಲ್ಲ ಸೇರಿ 3,675 ರೂಪಾಯಿ. ತೆಗೆದ ದುಡ್ಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು! ಇವು ಉದಾಹರಣೆಯ ಅಂಕಿಗಳು. ನಿಮ್ಮ ಬ್ಯಾಂಕಿನ ದರ ಹಾಕಿ ನೀವೇ ಲೆಕ್ಕ ಮಾಡಿಕೊಳ್ಳಿ. ವಿದೇಶಿ ವ್ಯವಹಾರದ ಶುಲ್ಕ ಹಾಕದ ಖಾತೆಗಳೂ ಇವೆ. ಅಮೆರಿಕದ ಚಾರ್ಲ್ಸ್ ಶ್ವಾಬ್ ತನ್ನ ಹೂಡಿಕೆದಾರರ ಚೆಕಿಂಗ್ ಖಾತೆಗೆ ಹೊರದೇಶದ ಎಟಿಎಂ ಶುಲ್ಕವನ್ನೂ ಮರಳಿಸುತ್ತದೆ. ವರ್ಷಕ್ಕೊಮ್ಮೆ ಊರಿಗೆ ಬರುವವರು ಇಂಥ ಖಾತೆಯೊಂದನ್ನು ಮೊದಲೇ ತೆರೆದಿಟ್ಟುಕೊಂಡರೆ ಉಳಿತಾಯವಾಗುತ್ತದೆ.

ಅತಿ ಮುಖ್ಯವಾದ ಪ್ರಶ್ನೆ ಕೊನೆಗೆ ಬರುತ್ತದೆ. ಕೆಲವು ಯಂತ್ರಗಳು, ಅಂಗಡಿಯ ಕಾರ್ಡ್ ಯಂತ್ರಗಳೂ ಸಹ, ಲೆಕ್ಕವನ್ನು ಡಾಲರ್‌ನಲ್ಲೋ ಪೌಂಡಿನಲ್ಲೋ ತೋರಿಸಿ, ಈ ದರಕ್ಕೆ ಒಪ್ಪುತ್ತೀರಾ ಎಂದು ಕೇಳುತ್ತವೆ. ತಮ್ಮ ದೇಶದ ಕರೆನ್ಸಿ ಕಂಡಾಗ ನೆಮ್ಮದಿಯೆನಿಸಿ ಹೌದು ಒತ್ತುವವರೇ ಹೆಚ್ಚು. ಅಲ್ಲಿ ಪರಿವರ್ತನೆಯ ದರ ನಿಗದಿ ಮಾಡುವುದು ಯಂತ್ರದ ಕಡೆಯವರು. ಅವರ ಲಾಭ ಅದರೊಳಗೇ ಸೇರಿರುತ್ತದೆ. ಪರಿವರ್ತನೆ ಬೇಡ ಎಂದು ಒತ್ತಿ, ರೂಪಾಯಿಯಲ್ಲೇ ಮುಂದುವರಿಯಿರಿ. ಆಗ ವೀಸಾ ಅಥವಾ ಮಾಸ್ಟರ್‌ಕಾರ್ಡಿನ ದರ ಅನ್ವಯಿಸುತ್ತದೆ, ಅದು ಸಾಮಾನ್ಯವಾಗಿ ಮಾರುಕಟ್ಟೆ ದರಕ್ಕೆ ಹತ್ತಿರ. ಬೇಡ ಎಂದರೆ ದುಡ್ಡೇ ಬರುವುದಿಲ್ಲವೇನೋ ಎಂಬ ಅಂಜಿಕೆ ಬೇಡ, ವ್ಯವಹಾರ ರೂಪಾಯಿಯಲ್ಲಿ ಸಾಗುತ್ತದೆ.

ಚಿಲ್ಲರೆಯ ಸಮಸ್ಯೆಗೂ ಒಂದು ಉಪಾಯವಿದೆ. 2,000 ರೂಪಾಯಿ ನೋಟನ್ನು 2023ರ ಮೇ 19ರಂದು ಚಲಾವಣೆಯಿಂದ ಹಿಂತೆಗೆದುಕೊಳ್ಳುವುದಾಗಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ಮೇಲೆ ಯಂತ್ರದಿಂದ ಬರುವ ದೊಡ್ಡ ನೋಟು 500ರದು. ಎಳನೀರಿನವರ ಬಳಿ, ಆಟೊದಲ್ಲಿ ಅದಕ್ಕೂ ಚಿಲ್ಲರೆ ಹುಡುಕಬೇಕಾಗುತ್ತದೆ. 10,000ದ ಬದಲು 9,900 ಎಂದು ಒತ್ತಿದರೆ, ಯಂತ್ರದಲ್ಲಿ ಸಣ್ಣ ನೋಟಿದ್ದರೆ ಕೊನೆಯ 400 ರೂಪಾಯಿ ನೂರು ಅಥವಾ ಇನ್ನೂರರ ನೋಟುಗಳಲ್ಲಿ ಬರುತ್ತದೆ.

ದುಡ್ಡು ಬಾರದೆ ಖಾತೆಯಲ್ಲಿ ಕಡಿತವಾದರೆ

ಇದು ನಡೆಯದ ಸಂಗತಿಯೇನಲ್ಲ. ಯಂತ್ರದ ಮೇಲಿರುವ ಎಟಿಎಂ ಸಂಖ್ಯೆ, ಊರು, ಬೀದಿ, ದಿನಾಂಕ, ಸಮಯವನ್ನು ಕೂಡಲೇ ಬರೆದುಕೊಳ್ಳಿ. ರಸೀದಿ ಬಂದರೆ ಜೋಪಾನ ಮಾಡಿ, ಪರದೆಯ ಚಿತ್ರ ತೆಗೆದಿಡಿ. ನಮ್ಮ ಬ್ಯಾಂಕುಗಳ ಕಾರ್ಡಿಗಾದರೆ ಐದು ದಿನಗಳೊಳಗೆ ದುಡ್ಡು ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ವಿದೇಶಿ ಕಾರ್ಡಿನ ದಾರಿ ಬೇರೆ. ದೂರು ಹೋಗಬೇಕಾದ್ದು ಕಾರ್ಡ್ ಕೊಟ್ಟ ಬ್ಯಾಂಕಿಗೆ. ಅದು ವೀಸಾ, ಮಾಸ್ಟರ್‌ಕಾರ್ಡ್ ಜಾಲದ ಮೂಲಕ ಇಲ್ಲಿನ ಬ್ಯಾಂಕಿನಿಂದ ವಿವರ ತರಿಸಿಕೊಂಡು ಇತ್ಯರ್ಥ ಮಾಡುತ್ತದೆ. ರಾಮನಗರದ ಶಾಖೆಯ ಸಿಬ್ಬಂದಿಯ ಮೇಲೆ ರೇಗಿದರೆ ಫಲವಿಲ್ಲ. ಅವರಿಗೆ ನಿಮ್ಮ ಖಾತೆ ಕಾಣುವುದೂ ಇಲ್ಲ.

ಕಾರ್ಡ್ ಕಳೆದುಹೋದರೆ ಹೊತ್ತು ಕಳೆಯಬಾರದು. ಅಮೆರಿಕದ ಕಾನೂನಿನಲ್ಲಿ, ಕಳೆದದ್ದು ತಿಳಿದ ಎರಡು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಹೇಳಿದರೆ ಡೆಬಿಟ್ ಕಾರ್ಡಿನವರ ಹೊಣೆ 50 ಡಾಲರ್ ಮೀರದು; ತಡವಾದರೆ 500 ಡಾಲರ್‌ವರೆಗೂ ಏರಬಹುದು. ಬ್ಯಾಂಕಿನ ಹೊರದೇಶದ ದೂರವಾಣಿ ಸಂಖ್ಯೆಯನ್ನು ಕಾರ್ಡಿನ ಮೇಲಷ್ಟೇ ಬಿಡದೆ ಬೇರೆ ಕಾಗದದಲ್ಲೂ ಬರೆದಿಟ್ಟುಕೊಳ್ಳಿ.

ಅನಿವಾಸಿ ಮಕ್ಕಳಿಗೆ ಇನ್ನೂ ಅಗ್ಗದ ದಾರಿ

ಭಾರತೀಯ ಪಾಸ್‌ಪೋರ್ಟಿನವರಿಗೂ ಭಾರತ ಮೂಲದವರಿಗೂ ಇಲ್ಲಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ತೆರೆಯುವ ಅವಕಾಶವಿದೆ. ಅಲ್ಲಿಂದ ಒಂದೇ ಸಲ ದುಡ್ಡು ಕಳಿಸಿ, ಇಲ್ಲಿನ ಡೆಬಿಟ್ ಕಾರ್ಡಿನಲ್ಲಿ ತೆಗೆದರೆ ಪ್ರತಿ ಸಲದ ವಿದೇಶಿ ಶುಲ್ಕದ ಮಾತೇ ಇಲ್ಲ. 2023ರಿಂದ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸಿಂಗಪುರ, ಸೌದಿ ಅರೇಬಿಯಾ, ಯುಎಇ, ಕತಾರ್, ಒಮಾನ್, ಹಾಂಗ್‌ಕಾಂಗ್‌ಗಳ ಮೊಬೈಲ್ ಸಂಖ್ಯೆಗೆ ಈ ಖಾತೆ ಜೋಡಿಸಿ ಯುಪಿಐ ಬಳಸುವುದಕ್ಕೂ ಎನ್‌ಪಿಸಿಐ ಅವಕಾಶ ಕೊಟ್ಟಿದೆ. ನಿಮ್ಮ ಬ್ಯಾಂಕು ಅದನ್ನು ಅಳವಡಿಸಿದ್ದರೆ ಚನ್ನಪಟ್ಟಣದ ಕ್ಯೂಆರ್ ಕೋಡ್ ನಿಮಗೂ ಕೆಲಸ ಮಾಡುತ್ತದೆ.

ವಿದೇಶಿ ಪ್ರಜೆಗಳಿಗೆ ಯುಪಿಐ ಒನ್ ವರ್ಲ್ಡ್ ಎಂಬ ವ್ಯಾಲೆಟ್ ಇದೆ. ಪಾಸ್‌ಪೋರ್ಟು, ವೀಸಾ ತೋರಿಸಿ ಪಡೆದು, ದುಡ್ಡು ತುಂಬಿಕೊಳ್ಳಬಹುದು. ಅದು ವ್ಯಾಪಾರಿ ಖಾತೆಯ ಕ್ಯೂಆರ್‌ಗೆ ಮಾತ್ರ ಪಾವತಿ ಮಾಡುತ್ತದೆ. ಸ್ವಂತ ಹೆಸರಿನ ಖಾತೆಯ ಕ್ಯೂಆರ್ ಇಟ್ಟುಕೊಂಡ ರಸ್ತೆಬದಿಯವರಿಗೆ ನೋಟೇ ಕೊಡಬೇಕು.

ಊರಲ್ಲಿ ಹಳೆಯ ಉಳಿತಾಯ ಖಾತೆ ಇದೆಯಲ್ಲ, ಅದರ ಕಾರ್ಡೇ ಸಾಕು ಎನ್ನುವವರು ಎರಡು ಸಂಗತಿ ತಿಳಿಯಬೇಕು. ಅನಿವಾಸಿಯಾದ ಮೇಲೆ ಸಾಮಾನ್ಯ ಉಳಿತಾಯ ಖಾತೆಯನ್ನು ಹಾಗೆಯೇ ಮುಂದುವರಿಸುವಂತಿಲ್ಲ. ಫೆಮಾ ನಿಯಮದಂತೆ ಅದನ್ನು ಎನ್‌ಆರ್‌ಒ ಆಗಿ ಬದಲಿಸಬೇಕು. ಎರಡು ವರ್ಷ ವ್ಯವಹಾರ ನಡೆಯದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್ ಜೊತೆ ವಿಲೀನಗೊಂಡಿವೆ. ಆ ಹೆಸರಿನ ಹಳೆಯ ಪಾಸ್‌ಬುಕ್ ಹಿಡಿದು ಬಂದವರು ಮೊದಲ ದಿನವೇ ಹೊಸ ಬ್ಯಾಂಕಿನ ಶಾಖೆಗೆ ಹೋಗಿ ಗುರುತಿನ ದಾಖಲೆ ಕೊಟ್ಟು ಖಾತೆಗೆ ಜೀವ ಬರಿಸಿಕೊಳ್ಳಬೇಕು.

ಹೊರಡುವಾಗ ವಿದೇಶಿ ಕಾರ್ಡನ್ನೂ ಪಿನ್ನನ್ನೂ ಅಪ್ಪ ಅಮ್ಮನ ಕೈಗೆ ಕೊಟ್ಟು ಹೋಗುವ ಮಕ್ಕಳಿದ್ದಾರೆ. ಅದರ ಹಿಂದಿರುವುದು ಪ್ರೀತಿ, ಕಾಳಜಿ. ಆದರೆ ಪಿನ್ ಹಂಚಿಕೊಂಡದ್ದು ಗೊತ್ತಾದರೆ, ದುಡ್ಡು ಹೋದಾಗ ಬ್ಯಾಂಕು ಕೈಚೆಲ್ಲಬಹುದು. ಅದರ ಬದಲು ಎನ್‌ಆರ್‌ಒ ಖಾತೆಗೆ ತಂದೆ ಅಥವಾ ತಾಯಿಯನ್ನು ಜಂಟಿಯಾಗಿ ಸೇರಿಸುವುದು, ಇಲ್ಲವೇ ಸ್ಥಳೀಯ ಖರ್ಚಿಗೆ ಅಧಿಕಾರಪತ್ರ ಕೊಡುವುದು ಕಾನೂನಿನ ದಾರಿ. ಶಾಖೆಯಲ್ಲಿ ಕೇಳಿದರೆ ನಮೂನೆ ಕೊಡುತ್ತಾರೆ.

ಇಲ್ಲಿಂದ ಹೊರದೇಶಕ್ಕೆ ಹೋಗುವವರಿಗೆ

ರಾಮನಗರ, ಚನ್ನಪಟ್ಟಣದಿಂದ ಹಜ್, ಉಮ್ರಾಕ್ಕೆ ಹೋಗುವವರಿಗೂ, ಮಗಳ ಬಾಣಂತನಕ್ಕೆಂದು ಅಮೆರಿಕದ ವಿಮಾನ ಹತ್ತುವ ಕನಕಪುರದ ತಾಯಂದಿರಿಗೂ ಇದೇ ಪಾಠ ತಿರುಗುಮುರುಗಾಗಿ ಅನ್ವಯಿಸುತ್ತದೆ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ಅಂತರರಾಷ್ಟ್ರೀಯ ಬಳಕೆಯನ್ನು ಆ್ಯಪ್‌ನಲ್ಲಿ ಅಥವಾ ಶಾಖೆಯಲ್ಲಿ ನೀವೇ ಆನ್ ಮಾಡಿಸಬೇಕು, ಮರಳಿದ ಮೇಲೆ ಆಫ್ ಮಾಡಬೇಕು. ಜನಧನ್ ಖಾತೆಯ ಸಾಮಾನ್ಯ ರುಪೇ ಕಾರ್ಡು ಹೊರದೇಶದಲ್ಲಿ ನಡೆಯುತ್ತದೆಂದು ನಂಬಿ ಹೋಗಬೇಡಿ. ಬ್ಯಾಂಕಿನಲ್ಲಿ ಕೇಳಿ ಅಂತರರಾಷ್ಟ್ರೀಯ ಕಾರ್ಡ್ ಪಡೆಯಿರಿ.

ಬಹುತೇಕ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ನೋಟಿನಲ್ಲಿ ಒಯ್ಯಬಹುದು. ಹೆಚ್ಚಿನದನ್ನು ಫಾರೆಕ್ಸ್ ಕಾರ್ಡಿಗೆ ತುಂಬಿಸಿಕೊಳ್ಳುವುದು ರೂಢಿ. ಜಪಾನಿಗೆ ತರಬೇತಿಗೆ ಹೋಗುವ ಬಿಡದಿಯ ತಂತ್ರಜ್ಞರಿಗೆ ಒಂದು ಸುಳಿವು: ಅಲ್ಲಿನ ಅನೇಕ ಬ್ಯಾಂಕುಗಳ ಯಂತ್ರಗಳು ಹೊರದೇಶದ ಕಾರ್ಡ್ ಒಪ್ಪುವುದಿಲ್ಲ, ಸೆವೆನ್ ಇಲೆವೆನ್ ಅಂಗಡಿಗಳ ಮತ್ತು ಅಂಚೆ ಕಚೇರಿಗಳ ಎಟಿಎಂಗಳು ಒಪ್ಪುತ್ತವೆ. ಅಲ್ಲೂ ಲೆಕ್ಕ ರೂಪಾಯಿಯಲ್ಲಿ ಬೇಕೇ ಎಂದು ಯಂತ್ರ ಕೇಳಿದರೆ ಬೇಡ ಎಂದು, ಯೆನ್‌ನಲ್ಲೇ ಮುಂದುವರಿಯಬೇಕು. ಬ್ಯಾಂಕಿಗೆ ಕೊಟ್ಟ ಮೊಬೈಲ್ ಸಂಖ್ಯೆ ಹೊರದೇಶದಲ್ಲೂ ಸಂದೇಶ ಪಡೆಯುವಂತಿರಲಿ. ಭಾರತದ ಬ್ಯಾಂಕಿನ ಬಗ್ಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಉಳಿದ ದುಡ್ಡು

ಊರಿಗೆ ಬಂದ ನೆಂಟರು ಹೊರಡುವಾಗ ಕೈಯಲ್ಲುಳಿದ ನೋಟುಗಳ ಪೈಕಿ ತಲಾ 25,000 ರೂಪಾಯಿವರೆಗೆ ಜೊತೆಯಲ್ಲೇ ಒಯ್ಯಬಹುದು. ಪಾಕಿಸ್ತಾನ, ಬಾಂಗ್ಲಾದೇಶದ ಪ್ರಜೆಗಳಿಗೆ ಈ ಅವಕಾಶವಿಲ್ಲ. ಮುಂದಿನ ಭೇಟಿಗೆ ಟ್ಯಾಕ್ಸಿ, ಊಟದ ಖರ್ಚಿಗೆ ಅದು ಒದಗುತ್ತದೆ. ಡಾಲರ್ ನೋಟುಗಳನ್ನು ಪರಿಚಯದವರಿಗೆ ಮಾರಿ ರೂಪಾಯಿ ಪಡೆಯುವುದು ನಿಯಮಬಾಹಿರ. ಬ್ಯಾಂಕು ಅಥವಾ ಪರವಾನಗಿ ಇರುವ ವಿನಿಮಯ ಕೇಂದ್ರದಲ್ಲಿ ಪಾಸ್‌ಪೋರ್ಟ್ ತೋರಿಸಿ ಬದಲಿಸಿ, ರಸೀದಿ ಇಟ್ಟುಕೊಳ್ಳಿ. ಇಲ್ಲಿಂದ ಹೋಗಿ ಬಂದವರು ಮಿಕ್ಕ ವಿದೇಶಿ ನೋಟನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು, 2,000 ಡಾಲರ್‌ವರೆಗೆ ತಮ್ಮಲ್ಲೇ ಉಳಿಸಿಕೊಳ್ಳಬಹುದು. ಇಬ್ಬರೂ ಪ್ರಯಾಣದ ನಂತರದ ಎರಡು ತಿಂಗಳ ಖಾತೆ ವಿವರವನ್ನು ಸಾಲುಸಾಲಾಗಿ ಓದಿ, ತಾವು ತೆಗೆಯದ ಮೊತ್ತವೇನಾದರೂ ಕಂಡರೆ ಅದೇ ದಿನ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು, ದೂರಿನ ಸಂಖ್ಯೆ ಪಡೆದುಕೊಳ್ಳಬೇಕು.